ಹಳೇ ಮಾರುತಿ 800ಕ್ಕೆ ಹೊಸ ತಳ: ಮೂರು ಮಳೆಗಾಲದ ನಂತರ

ಕಲಬುರಗಿಯ ಒಂದು ಟಿಂಕರಿಂಗ್ ಗ್ಯಾರೇಜಿನಲ್ಲಿ ನನ್ನ ಮಾರುತಿ 800ರ ಮುಂದಿನ ಎರಡೂ ಬದಿಯ ತುಕ್ಕು ತಿಂದ ತಳ ಕೊಯ್ಸಿ ಹೊಸ ತಗಡು ಹಾಕಿಸಿದ್ದೆ. ಮೂರು ಮಳೆಗಾಲ ಕಳೆದವು. ಕಾಲಡಿ ಒಣಗಿಯೇ ಇದೆ, ಬೆಸುಗೆಯ ಅಂಚಿನಲ್ಲಿ ತುಕ್ಕು ಎದ್ದಿಲ್ಲ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಇಷ್ಟು ಬಿಸಿಲಿನ ಊರಲ್ಲಿ ಜಂಗು, ಅಂದರೆ ತುಕ್ಕು, ಎಲ್ಲಿಂದ ಬರುತ್ತದೆ ಎಂದು ಕೇಳುವವರು ಬಹಳ. ಆ ಬಿಸಿಲಿನಿಂದಲೇ ಶುರು. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಕಟ್ಟಿಗೆಯಂತಾಗಿ ಸೀಳು ಬಿಡುತ್ತದೆ. ಮಳೆ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿದು ಮ್ಯಾಟಿನ ಕೆಳಗಿನ ಫೆಲ್ಟಿನಲ್ಲಿ ನಿಲ್ಲುತ್ತದೆ. ಮೇಲೆ ಮುಟ್ಟಿದರೆ ಒಣ, ಅಡಿಯಲ್ಲಿ ವಾರಗಟ್ಟಲೆ ಹಸಿ. ಹೊರಗಿನಿಂದ ನಮ್ಮ ಎರೆಮಣ್ಣು ಚಕ್ರದ ಹಿಂದೆ ಮೆತ್ತಿಕೊಂಡು ನೀರು ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದರೆ ತಗಡು ಪದರು ಪದರಾಗಿ ಉದುರಿ, ಕೆಳಗಿನ ನೆಲ ಕಂಡಿತು.

ಮೊದಲು ಕೇಳಿದ ಕಡೆ ತೂತಿನ ಮೇಲೆ ಪಟ್ಟಿ ಹಚ್ಚಿ ಟಾರ್ ಬಳಿದು ಕೊಡುತ್ತೇವೆಂದರು. ಕೆಲಸ ಮಾಡಿದ ಮಿಸ್ತ್ರಿ ಒಪ್ಪಲಿಲ್ಲ: "ಜಂಗಿನ ಮ್ಯಾಲ ಬೆಸುಗಿ ನಿಲ್ಲಂಗಿಲ್ರಿ. ಛಲೋ ತಗಡ ಸಿಗೋತನಕ ಕೊಯ್ಯಬೇಕ್ರಿ." ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಸದ್ದು ಗಟ್ಟಿಯಾದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ತೂತು ಅಂಗೈಯಷ್ಟಿತ್ತು, ಗೆರೆ ಸೀಟಿನ ಬುಡದವರೆಗೂ ಹೋಯಿತು.

ಅವರಲ್ಲಿ ನನಗೆ ಹಿಡಿಸಿದ್ದು ಅವಸರವಿಲ್ಲದಿರುವುದು. ಬ್ಯಾಟರಿ ಕಳಚಿ, ಸೀಟು, ಕಾರ್ಪೆಟ್ ಪೂರ್ತಿ ತೆಗೆದು, ತಳದಡಿ ಹಾಯುವ ಪೆಟ್ರೋಲ್ ಪೈಪನ್ನೂ ಬ್ರೇಕ್ ಪೈಪನ್ನೂ ಸರಿಸಿಕೊಂಡ ಮೇಲೆಯೇ ಗ್ರೈಂಡರ್ ಹಿಡಿದರು. ಈ ಗಾಡಿಗೆ ಪ್ರತ್ಯೇಕ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯ ಬಲದಲ್ಲಿ ತಳಕ್ಕೂ ಪಾಲಿದೆ. ಅದಕ್ಕೇ ಒಂದು ಬದಿ ಮುಗಿಸಿ ಇನ್ನೊಂದು ಬದಿ ಕೊಯ್ದರು. 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿಆರ್ ಶೀಟಿಗೆ (ಕೋಲ್ಡ್ ರೋಲ್ಡ್ ಉಕ್ಕಿನ ತಗಡು) ಹಳೇ ತಳದ ಉಬ್ಬುಗಳನ್ನು ಕೈಯಲ್ಲೇ ತಟ್ಟಿ ತಂದರು. ಆ ಉಬ್ಬಿಲ್ಲದಿದ್ದರೆ ತಗಡು ಓಡುವಾಗ ಡಬಡಬ ಬಡಿಯುತ್ತದೆ. ಗ್ಯಾಸ್ ವೆಲ್ಡಿಂಗ್ ಕಾವಿಗೆ ತೆಳು ತಗಡು ಸೊಟ್ಟಗಾಗುತ್ತದೆಂದು ಸಿಓಟು ವೆಲ್ಡಿಂಗ್‌ನಲ್ಲಿ (ಕಾರ್ಬನ್ ಡೈಆಕ್ಸೈಡ್ ಅನಿಲದ ರಕ್ಷಣೆಯಲ್ಲಿ ಮಾಡುವ ವಿದ್ಯುತ್ ಬೆಸುಗೆ) ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ನಡುವಿನದನ್ನು ತುಂಬಿದರು. ಮೇಲೆ ಜಿಂಕ್ ಪ್ರೈಮರ್, ಸಂದಿಗೆ ಸೀಲರ್, ಅಡಿಭಾಗಕ್ಕೆ ಕೋಟಿಂಗ್. ಬೀಡಿಂಗ್ ಹೊಸದು ಹಾಕಿ, ಕಾಲಡಿ ಪೇಪರ್ ಹಾಸಿ, ಗಾಜಿನ ಮೇಲೆ ಪೈಪಿನಿಂದ ನೀರು ಬಿಟ್ಟು ನೋಡಿಯೇ ಕಾರ್ಪೆಟ್ ಕೂಡಿಸಿದರು. ನೀರು ಸೋರುವುದನ್ನು ನಿಲ್ಲಿಸುವ ಈ ಕೆಲಸ ಮಾಡದಿದ್ದರೆ ಹೊಸ ತಳವೂ ಹಳೇದರ ದಾರಿಯನ್ನೇ ಹಿಡಿಯುತ್ತದೆ.

ತಕರಾರೂ ಇವೆ. ಕ್ಲಚ್ ಪೆಡಲ್ ಹತ್ತಿರದ ಸಂದಿಯಲ್ಲಿ ಸೀಲರ್ ಬಿಟ್ಟುಹೋಗಿತ್ತು. ಮೊದಲ ಮಳೆಗೇ ಹನಿ ಕಂಡು ಮತ್ತೆ ಹಚ್ಚಿಸಬೇಕಾಯಿತು, ಅದಕ್ಕೆ ದುಡ್ಡು ಕೇಳಲಿಲ್ಲ. ಮುಂಚಕ್ರದ ಹಿಂದೆ ಕಲ್ಲು ಬಡಿದು ಕೋಟಿಂಗ್ ಏಳುತ್ತದೆ, ಪ್ರತಿ ಮಳೆಗಾಲ ಮುಗಿದ ಮೇಲೆ ಮಣ್ಣು ತೊಳೆಸಿ ಅಲ್ಲಷ್ಟೇ ಬಳಿಸುತ್ತೇನೆ. ಕೆಲಸಕ್ಕೆ ಹೇಳಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

15 ವರ್ಷ ದಾಟಿ ಆರ್‌ಸಿ (ನೋಂದಣಿ ಪತ್ರ) ನವೀಕರಣಕ್ಕೆ ಹೋಗುವ ಗಾಡಿಗಿದ್ದರೆ ತಪಾಸಣೆಗೆ ಮುಂಚೆಯೇ ಮ್ಯಾಟ್ ಎತ್ತಿ ನೋಡಿಕೊಳ್ಳಿ. ಬರೀ ತಳ ಹೋಗಿದ್ದರೆ ಧೈರ್ಯವಾಗಿ ಮಾಡಿಸಿ. ಸೀಟ್ ಬೆಲ್ಟ್ ಬಿಗಿಯುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಅಡಿಯ ಉದ್ದ ಬೀಮುಗಳೂ ತಿಂದುಹೋಗಿದ್ದರೆ ಆ ಗಾಡಿಗೆ ದುಡ್ಡು ಸುರಿಯಬೇಡಿ.