ಮೆಲಾನ್ ಕೊರೆದ ವೆರೋನಿಕಾಳ ವಸ್ತ್ರ: ಪ್ರತಿ ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಿ

ಫ್ರೆಂಚ್ ಕೆತ್ತನೆಗಾರ ಕ್ಲೋದ್ ಮೆಲಾನ್ 1649ರಲ್ಲಿ ಪ್ಯಾರಿಸ್‌ನಲ್ಲಿ ಕೊರೆದ ಯೇಸುವಿನ ಮುಖಚಿತ್ರದ ಪ್ರತಿಯನ್ನು ಆನ್‌ಲೈನಿನಲ್ಲಿ ತರಿಸಿಕೊಂಡೆ. ಎತ್ತರ ಸುಮಾರು 43 ಸೆಂ.ಮೀ., ಮೂಲದಷ್ಟೇ. ಈ ಚಿತ್ರದ ಮಟ್ಟಿಗೆ ನಾನು ಮೊದಲು ನೋಡುವುದು ಒಂದನ್ನೇ: ಗೆರೆ ಉಳಿದಿದೆಯೇ?

ಯಾಕೆಂದರೆ ಇಡೀ ಮುಖ ಒಂದೇ ಗೆರೆಯದು. ಮೂಗಿನ ತುದಿಯಲ್ಲಿ ಶುರುವಾಗಿ ಸುರುಳಿ ಸುತ್ತುತ್ತಾ, ಮುಖ ಮೂಡಿರುವ ಬಟ್ಟೆಯ ಅಂಚಿನ ಕಡೆಗೆ ಹೋಗುತ್ತದೆ. ನೆರಳಿಗೆಂದು ಒಂದು ಗೆರೆಯ ಮೇಲೆ ಇನ್ನೊಂದನ್ನು ಅಡ್ಡ ಹಾಯಿಸಿಲ್ಲ. ತಾಮ್ರದ ತಗಡಿನಲ್ಲಿ ಉಳಿ ಆಳಕ್ಕೆ ಇಳಿದಲ್ಲಿ ಗೆರೆ ದಪ್ಪವಾಗಿ ನೆರಳಾಗುತ್ತದೆ, ಹಗುರಾಗಿ ಸಾಗಿದಲ್ಲಿ ತೆಳುವಾಗಿ ಬೆಳಕಾಗುತ್ತದೆ. ಭೂತಗನ್ನಡಿ ಹಿಡಿದು ಮುಳ್ಳಿನ ಕಿರೀಟದ ಕೆಳಗಿನ ರಕ್ತದ ಹನಿಗಳನ್ನು ನೋಡಿದೆ. ಹನಿಗೆ ಪ್ರತ್ಯೇಕ ಅಂಚೇ ಇಲ್ಲ. ಅದೇ ಗೆರೆ ಅಲ್ಲಿ ಕ್ಷಣಕಾಲ ಉಬ್ಬಿ, ಮತ್ತೆ ಸಣ್ಣಗಾಗಿ ಮುಂದೆ ಸಾಗುತ್ತದೆ. ಈ ಪ್ರತಿಯಲ್ಲಿ ಅದಷ್ಟೂ ಸ್ಪಷ್ಟವಾಗಿ ಬಂದಿದೆ. ನನಗೆ ಇದೇ ಸಾಕು.

ಆ ಕಾಲದ ಕ್ರೈಸ್ತ ಕೆತ್ತನೆಗಳಲ್ಲಿ ಸಂಕೇತಗಳು ಸಾಮಾನ್ಯವಾಗಿ ವಸ್ತುಗಳಾಗಿ ಕಾಣಿಸಿಕೊಳ್ಳುತ್ತವೆ. ಶಿಲುಬೆಯ ಬುಡದ ತಲೆಬುರುಡೆ ಆದಾಮನದು, ಮರಿಗಳಿಗೆ ತನ್ನ ರಕ್ತವನ್ನೇ ಉಣಿಸುವ ಪೆಲಿಕನ್ ಹಕ್ಕಿ ಕ್ರಿಸ್ತನ ಬಲಿದಾನ. ಮೆಲಾನ್ ಅಂಥದ್ದೇನನ್ನೂ ಇಡಲಿಲ್ಲ. ಶಿಲುಬೆಗೇರಿಸಲು ಕಲ್ವಾರಿ ಬೆಟ್ಟಕ್ಕೆ ಒಯ್ಯುವ ದಾರಿಯಲ್ಲಿ ವೆರೋನಿಕಾ ಎಂಬ ಹೆಂಗಸು ಯೇಸುವಿನ ಮುಖ ಒರೆಸಿದ ಬಟ್ಟೆಯ ಮೇಲೆ ಆ ಮುಖವೇ ಮೂಡಿತು ಎಂಬುದು ಐತಿಹ್ಯ. ಯಾರ ಕೈಯೂ ಬರೆಯದ ಆ ಚಿತ್ರವನ್ನು ಕೈಯಿಂದ ಕೊರೆಯುವಾಗ ಅವನು ಒಂದೇ ಗೆರೆಗೆ ತನ್ನನ್ನು ಕಟ್ಟಿಹಾಕಿಕೊಂಡ. ದೇವರ ಏಕೈಕ ಪುತ್ರನಿಗೆ ಏಕೈಕ ರೇಖೆ. ಕೆಳಗಿನ ಲ್ಯಾಟಿನ್ ಸಾಲು ಹೇಳುವುದೂ ಇದನ್ನೇ. ಇಲ್ಲಿ ಕೌಶಲವೇ ಪ್ರಾರ್ಥನೆಯಾಗಿದೆ ಎಂದು ನಾನು ನಂಬುತ್ತೇನೆ.

ಅದೇ ಅಂಗಡಿಯ ಪೋಸ್ಟ್‌ಕಾರ್ಡ್ ಅಳತೆಯ ಪ್ರತಿಯನ್ನು ಮಾತ್ರ ಕೊಳ್ಳಬೇಡಿ. ಕುಗ್ಗಿಸಿದ್ದರಿಂದ ಗೆರೆಗಳು ಒಂದಕ್ಕೊಂದು ಅಂಟಿ ಬೂದುಬಣ್ಣದ ಮಬ್ಬಾಗಿವೆ, ಲ್ಯಾಟಿನ್ ಸಾಲೂ ಕತ್ತರಿಸಿ ಹೋಗಿದೆ. ಮುಖವೇನೋ ಇದೆ, ಆದರೆ ಅದು ಮೆಲಾನ್ ಮಾಡಿದ ಮುಖವಲ್ಲ.

ದೊಡ್ಡ ಪ್ರತಿಯ ಕಾಗದ ದಪ್ಪಗಿದೆ, ಹೊಳಪಿಲ್ಲ, ಶಾಯಿ ಕಡುಗಪ್ಪು. ಜೊತೆಗೆ ಬಂದ ಚೀಟಿಯಲ್ಲಿ ವೆರೋನಿಕಾಳ ಕಥೆಯಿದೆ, ಗೆರೆಯ ಬಗ್ಗೆ ಒಂದಕ್ಷರವಿಲ್ಲ. ಇದು ದೊಡ್ಡ ಕೊರತೆ, ಗೊತ್ತಿಲ್ಲದವರು ಮುಖವಷ್ಟೇ ನೋಡಿ ಸುಮ್ಮನಾಗುತ್ತಾರೆ. ಚೌಕಟ್ಟು ಹಾಕಿಸುವಾಗ ಪ್ರತಿಫಲಿಸದ ಗಾಜನ್ನೇ ಕೇಳಿ, ಕಣ್ಣಿನ ಮಟ್ಟದಲ್ಲಿ ತೂಗುಹಾಕಿ. ಮೂಗಿನ ತುದಿಯಿಂದ ಸುರುಳಿಯನ್ನು ಹಿಂಬಾಲಿಸಲು ಹತ್ತಿರ ನಿಲ್ಲಲೇಬೇಕು.