ಮೂಳೆಗೆ ಪ್ಲೇಟ್ ಹಾಕಿಸುವ ಮುಂಚೆ ಲೋಹ ಯಾವುದು, ರೇಟ್ ಎಷ್ಟು ಅಂತ ಬರೆಸಿಕೊಳ್ಳಿ

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ನನ್ನ ತಮ್ಮ ಬೈಕಿನಲ್ಲಿ ಬರುವಾಗ ಜಲ್ಲಿ ಮೇಲೆ ಜಾರಿ ಬಿದ್ದ. ಎಡಗಾಲಿನ ಮೂಳೆ ಮೊಣಕಾಲಿನ ಕೆಳಗೆ ಮುರಿದಿತ್ತು. ಹತ್ತಿರದ ಪಟ್ಟಣದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು.

ಆಪರೇಷನ್‌ಗೆ ಅರ್ಧ ಗಂಟೆ ಇದೆ ಎನ್ನುವಾಗ ಅಲ್ಲಿನವರೊಬ್ಬರು ಬಂದರು. "ಅಕ್ಕ, ಸ್ಟೀಲ್ ಪ್ಲೇಟ್ ಹಾಕೋದಾ, ಟೈಟಾನಿಯಮ್ಮಾ? ಟೈಟಾನಿಯಂ ಜಾಸ್ತಿ ಆಗುತ್ತೆ, ಆದ್ರೆ ಜೀವನಪೂರ್ತಿ ತೊಂದ್ರೆ ಇರಲ್ಲ. ಬೇಗ ಹೇಳಿ." ತಮ್ಮ ಸ್ಟ್ರೆಚರ್ ಮೇಲೆ ನರಳುತ್ತಿದ್ದ. ಅಮ್ಮ ನನ್ನ ಮುಖ ನೋಡಿದಳು. ಆ ಹೊತ್ತಿನಲ್ಲಿ ಕಡಿಮೆಯದೇ ಸಾಕು ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಟೈಟಾನಿಯಂ ಹಾಕಿ ಅಂದೆ. ಎಷ್ಟಾಗುತ್ತೆ ಎಂದು ಕೇಳಿದ್ದಕ್ಕೆ, "ಎಷ್ಟು ಸ್ಕ್ರೂ ಹಾಕ್ತಾರೋ ನೋಡಿ ಹೇಳ್ತೀವಿ" ಅಂದರು.

ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು. ಟೈಟಾನಿಯಂ ಪ್ಲೇಟ್, 11 ಸ್ಕ್ರೂ, 62,000 ರೂಪಾಯಿ. ಅಡಿಕೆ ಸಾಹುಕಾರರ ಹತ್ತಿರ ಮುಂಗಡ ತಂದು ಕಟ್ಟಿದೆವು.

ಕೆಲವು ವಾರ ಬಿಟ್ಟು ತೆಗೆಸಿದ ಎಕ್ಸ್‌ರೇಯನ್ನು ತಮ್ಮ ಸುಮ್ನೆ ಕಿಟಕಿಗೆ ಹಿಡಿದು ಸ್ಕ್ರೂ ಎಣಿಸಿದ. ಎಂಟೇ ಇದ್ದವು. ಎದುರಿನಿಂದ ತೆಗೆದದ್ದರಲ್ಲೂ ಎಂಟು, ಪಕ್ಕದಿಂದ ತೆಗೆದದ್ದರಲ್ಲೂ ಎಂಟು. (ನೀವು ಎಣಿಸುವುದಾದರೆ ಎರಡನ್ನೂ ನೋಡಿ. ಒಂದೇ ಚಿತ್ರದಲ್ಲಿ ಒಂದು ಸ್ಕ್ರೂ ಇನ್ನೊಂದರ ಹಿಂದೆ ಮರೆಯಾಗಿರಬಹುದು.)

ಆಸ್ಪತ್ರೆಗೆ ಹೋಗಿ, ಕಂಪನಿ, ಲೋಹ ಯಾವುದು ಅಂತ ಬರೆದಿರುವ ಪ್ಲೇಟಿನ ಸ್ಟಿಕ್ಕರ್ ಕೇಳಿದೆ. "ಇದಕ್ಕೆಲ್ಲ ಸ್ಟಿಕ್ಕರ್ ಬರಲ್ಲ" ಅಂದರು. ಅದು ಸುಳ್ಳೇ ಇರಬೇಕು ಅಂತೇನಿಲ್ಲ. ಎಷ್ಟೋ ಕಡೆ ಡೀಲರ್ ಒಂದು ದೊಡ್ಡ ಟ್ರೇಯಲ್ಲಿ ಬೇರೆ ಬೇರೆ ಅಳತೆಯ ಪ್ಲೇಟು, ಸ್ಕ್ರೂ ತಂದುಕೊಡುತ್ತಾರೆ, ಬಳಸಿದ್ದಕ್ಕೆ ಮಾತ್ರ ಆಸ್ಪತ್ರೆಗೆ ಬಿಲ್ ಮಾಡುತ್ತಾರೆ. ಹಾಗಾದರೆ ಡೀಲರ್ ಬಿಲ್ ಇರಲೇಬೇಕು ಅಲ್ವಾ? ಅದನ್ನು ಕೊಡಿ ಅಂತ ಬರೆದುಕೊಟ್ಟು, ನನ್ನ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡೆ. ಮೂರನೇ ಸಲ ಹೋದಾಗ ಸಿಕ್ಕಿತು.

ಅದರಲ್ಲಿ ಇದ್ದದ್ದು ಸ್ಟೀಲ್ ಪ್ಲೇಟ್. ಸ್ಕ್ರೂ 8. ಒಟ್ಟು 13,800 ರೂಪಾಯಿ.

ಸ್ಟೀಲ್ ಕೆಟ್ಟದ್ದು ಅಂತ ದಯವಿಟ್ಟು ತಿಳಿಯಬೇಡಿ. 316ಎಲ್ ಎಂಬ ಸ್ಟೀಲನ್ನು ದಶಕಗಳಿಂದ ಮೂಳೆಗೆ ಹಾಕುತ್ತಿದ್ದಾರೆ. ಬೇರೆ ಡಾಕ್ಟರಿಗೆ ತೋರಿಸಿದೆವು, ಮೂಳೆ ಚೆನ್ನಾಗಿ ಕೂಡುತ್ತಿದೆ ಅಂದರು. ಆಪರೇಷನ್‌ನಲ್ಲಿ ತಪ್ಪಿಲ್ಲ. ಹಾಕದೇ ಇದ್ದ ಲೋಹಕ್ಕೆ ನಮ್ಮ ಹೆದರಿಕೆ ನೋಡಿ ದುಡ್ಡು ತೆಗೆದುಕೊಂಡರಲ್ಲ, ಅದು ನನಗೆ ಇವತ್ತಿಗೂ ಸಹಿಸಲು ಆಗುತ್ತಿಲ್ಲ.

ಇಂಪ್ಲಾಂಟ್, ಅಂದರೆ ದೇಹದೊಳಗೆ ಕೂರಿಸುವ ಇಂಥ ಸಾಧನಗಳ ರೇಟನ್ನು ಸರ್ಕಾರವೇ ನಿಗದಿ ಮಾಡಿದೆ ಅಂತ ನಾನು ಧೈರ್ಯವಾಗಿದ್ದೆ. ಅದು ಮಂಡಿ ಬದಲಿಸುವ ಆಪರೇಷನ್ನಿನ ಮಾತು. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಆ ಆದೇಶದಲ್ಲಿ ಮುರಿದ ಮೂಳೆಗೆ ಹಾಕುವ ಪ್ಲೇಟು, ರಾಡು, ಸ್ಕ್ರೂ ಇರಲಿಲ್ಲ. 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನಗಳ ಎಂಆರ್‌ಪಿಯನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ. ಆದರೆ ಎಂಆರ್‌ಪಿಯನ್ನೇ ಮೊದಲಿನಿಂದ ಹಲವು ಪಟ್ಟು ಹಾಕಿಟ್ಟಿದ್ದರೆ ಆ ನಿಯಮದಿಂದ ನಮಗೇನು ಉಪಯೋಗ?

ಹಾಗಾಗಿ ಒಳಗೆ ಕರೆದುಕೊಂಡು ಹೋಗುವ ಮುಂಚೆಯೇ ಕೇಳಿ. ಕಂಪನಿ ಯಾವುದು, ಲೋಹ ಯಾವುದು, ಪ್ಲೇಟಿಗೆ ಎಷ್ಟು, ಒಂದು ಸ್ಕ್ರೂಗೆ ಎಷ್ಟು. ಚೀಟಿಯಲ್ಲಿ ಬರೆಸಿಕೊಳ್ಳಿ. ಟೈಟಾನಿಯಂ ಯಾಕೆ ಬೇಕು ಎನ್ನುವುದನ್ನು ಆಪರೇಷನ್ ಮಾಡುವ ಡಾಕ್ಟರನ್ನೇ ಕೇಳಿ, ಕೌಂಟರಿನವರನ್ನಲ್ಲ. ಅಳತೆ ಸರಿಹೋಗದೆ ತೆಗೆದಿಟ್ಟ ಸ್ಕ್ರೂಗೂ ದುಡ್ಡು ಹಾಕುತ್ತಾರಾ ಅಂತಲೂ ಕೇಳಿ.

ನಾವು ಖಾಸಗಿ ಆಸ್ಪತ್ರೆಗಳ ದೂರು ನೋಡುವ ಜಿಲ್ಲಾ ಪ್ರಾಧಿಕಾರಕ್ಕೂ, ಗ್ರಾಹಕರ ಆಯೋಗಕ್ಕೂ ಹೋಗುತ್ತೇವೆ ಎಂದು ಬರೆದುಕೊಟ್ಟೆವು. ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ. ಆಮೇಲೆ "ಬಿಲ್ಲಿಂಗ್‌ನಲ್ಲಿ ತಪ್ಪಾಗಿದೆ" ಅಂತ 31,000 ವಾಪಸ್ ಕೊಟ್ಟರು. ಉಳಿದದ್ದಕ್ಕೆ ಇನ್ನೂ ಓಡಾಡುತ್ತಿದ್ದೇನೆ.

ಡೀಲರ್ ಬಿಲ್ಲಿನ ಪ್ರತಿಯನ್ನು ತಮ್ಮನ ಎಕ್ಸ್‌ರೇ ಕವರಿನಲ್ಲೇ ಇಟ್ಟಿದ್ದೇವೆ. ಮುಂದೆ ಪ್ಲೇಟ್ ತೆಗೆಸಬೇಕಾಗಿ ಬಂದರೆ ಸ್ಕ್ರೂ ಯಾವ ಕಂಪನಿಯದು ಅಂತ ಆ ಡಾಕ್ಟರಿಗೆ ಗೊತ್ತಿರಬೇಕಂತೆ. ಎಲ್ಲ ಸ್ಕ್ರೂಗೂ ಒಂದೇ ಸ್ಕ್ರೂಡ್ರೈವರ್ ಕೂರುವುದಿಲ್ಲ.