ಬಿಸಿ ಇದ್ದರೂ ನಂಬಬೇಡಿ: ಗಾಡಿ ಫ್ರೈಡ್ ರೈಸ್ ತಿನ್ನುವ ಮುಂಚೆ ಇದನ್ನು ಓದಿ

ಕೋಲಾರದ ಕ್ಲಾಕ್ ಟವರ್ ಕಡೆ ಸಂಜೆ ಸುತ್ತಾಡುವುದು ನನಗೆ ಮೊದಲಿಂದಲೂ ಇಷ್ಟ. ಒಂದು ಗಾಡಿಯಲ್ಲಿ ತೆಲುಗು, ಪಕ್ಕದ್ದರಲ್ಲಿ ಉರ್ದು, ಅದರಾಚೆ ತಮಿಳು. 150 ರೂಪಾಯಿ ಇದ್ದರೆ ಮೂರು ಜನ ಹೊಟ್ಟೆ ತುಂಬಾ ತಿನ್ನಬಹುದು. ಹೋದ ತಿಂಗಳು ಅಕ್ಕ ತನ್ನ 8 ವರ್ಷದ ಮಗನ ಜೊತೆ ಬಂದಿದ್ದಳು. ಇಬ್ಬರನ್ನೂ ಕರೆದುಕೊಂಡು ಹೊರಟೆ. ನಾವು ನಿಂತ ಗಾಡಿ ಯಾವ ರಸ್ತೆಯದ್ದು ಅಂತ ಹೇಳುವುದಿಲ್ಲ.

ಅಕ್ಕ ದೋಸೆ ತಿಂದು ಸಾಕು ಅಂದಳು. ಹುಡುಗನಿಗೆ ಫ್ರೈಡ್ ರೈಸ್ ಬೇಕಿತ್ತು. "ಅಣ್ಣಾ, ಹಾಫಾ ಫುಲ್ಲಾ?" ಅಂದರು ಗಾಡಿಯವರು. ಫುಲ್ ಹೇಳಿ ಇಬ್ಬರೂ ಹಂಚಿಕೊಂಡೆವು. ಬಾಣಲೆಯಿಂದ ಹೊಗೆ ಏಳುತ್ತಿತ್ತು. ಬಿಸಿ ಇದ್ದರೆ ಏನೂ ಆಗಲ್ಲ ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಗಾಡಿ ಕೆಳಗೆ ದೊಡ್ಡ ದಬರಿಯಲ್ಲಿ ಅನ್ನ ಇತ್ತು, ಮೇಲೊಂದು ಬಟ್ಟೆ ಮುಚ್ಚಿತ್ತು. ನೋಡಿಯೂ ಸುಮ್ನಿದ್ದೆ.

ತಿಂದಿದ್ದು 8 ಗಂಟೆಗೆ. ಹತ್ತೂವರೆಗೆ ಹುಡುಗ ವಾಂತಿ ಮಾಡಿಕೊಂಡ. ಹನ್ನೊಂದಕ್ಕೆ ನನಗೂ ಶುರುವಾಯಿತು. ಅಕ್ಕನಿಗೆ ಏನೂ ಆಗಲಿಲ್ಲ. ರಾತ್ರಿ ಒಂದರ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಒಂದು ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಲು ಆ ಪುಟ್ಟ ಕೈಯಲ್ಲಿ ನರ ಸಿಗದೆ ಎರಡು ಸಲ ಚುಚ್ಚಿದರು. ಅಕ್ಕ ನನಗೆ ಒಂದು ಮಾತೂ ಬೈಯಲಿಲ್ಲ.

ಅನ್ನದ್ದೇ ಇರಬೇಕು ಅಂದರು ಡಾಕ್ಟರ್. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದಂತೆ. ಅನ್ನ ಬೆಂದರೂ ಅದು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ. ನಮ್ಮ ಲೆಕ್ಕಕ್ಕೆ ಸರಿಯಾಗಿ ಕೂತಿತು ಅಲ್ವಾ?

ಹಾಗಾಗಿ ಫ್ರೈಡ್ ರೈಸ್, ಲೆಮನ್ ರೈಸ್ ಏನೇ ತಗೊಂಡರೂ ಅನ್ನ ಎಷ್ಟು ಹೊತ್ತಿಗೆ ಮಾಡಿದ್ದು ಅಂತ ಕೇಳಿ. ಕೇಳಲು ನಾಚಿಕೆ ಬೇಡ. ಮಕ್ಕಳಿದ್ದರೆ ಕಣ್ಣೆದುರೇ ಹುಯ್ದ ದೋಸೆ, ಆಗ ತಾನೇ ಕರಿದ ಬೋಂಡ ಕೊಡಿಸಿ. ಕೆಂಪಗೆ ಹೊಳೆಯುವ ಗೋಬಿ ಕೊಡಿಸಬೇಡಿ. ಗೋಬಿಗೆ ಬಣ್ಣ ಹಾಕುವುದನ್ನು ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ವಾಂತಿ ಶುರುವಾದರೆ ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಚಮಚ ಚಮಚವಾಗಿ ಕುಡಿಸಿ. ಅದೂ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ನಾವು ಕಾದಿದ್ದೇ ಜಾಸ್ತಿ ಆಯಿತು.

ವಾರದ ನಂತರ ಆ ಗಾಡಿಯವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಜಗಳ ಮಾಡಲಿಲ್ಲ. ಮನೆಯಲ್ಲಿ ಬೆಳಗ್ಗೆ 11ಕ್ಕೇ ಅನ್ನ ಮಾಡಿಡುತ್ತಾರಂತೆ. "ಬಿಸಿ ಮಾಡೇ ಕೊಡ್ತೀವಲ್ಲಣ್ಣಾ" ಅಂದರು. ನಾನೂ ಅದನ್ನೇ ನಂಬಿದ್ದೆ. ಸಂಜೆ ಇನ್ನೊಂದು ಸಲ ಅನ್ನ ಮಾಡಿಸಿ ಅಂತ ಕೇಳಿಕೊಂಡು ಬಂದಿದ್ದೇನೆ.